ಮೂರು ವಾರವಾದರೂ ಮಾಯದ ಬಾಯಿಹುಣ್ಣು: ಪೆಂಫಿಗಸ್ ಕಾಯಿಲೆಯ ಪತ್ತೆ ಮತ್ತು ಚಿಕಿತ್ಸೆ

ಬಾಯಲ್ಲಿ ಹುಣ್ಣಾದರೆ ನಮ್ಮಲ್ಲಿ ಮೊದಲು ಬರುವ ಮಾತು 'ಉಷ್ಣ ಆಗಿದೆ' ಅಂತ. ಮಜ್ಜಿಗೆ ಕುಡಿಯುತ್ತೇವೆ, ಮೆಡಿಕಲ್ ಶಾಪಿನಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತರುತ್ತೇವೆ. ಬಹಳಷ್ಟು ಹುಣ್ಣುಗಳು ವಾರ, ಹತ್ತು ದಿನದಲ್ಲಿ ತಾವಾಗಿಯೇ ಮಾಯುತ್ತವೆ. ಎರಡು ವಾರ, ಮೂರು ವಾರ ಕಳೆದರೂ ಮಾಯದೆ, ಒಂದರ ಪಕ್ಕ ಇನ್ನೊಂದು ಎದ್ದು, ಕೆನ್ನೆಯ ಒಳಗೆ, ಒಸಡಿನ ಮೇಲೆ, ಗಂಟಲ ಹತ್ತಿರ ಹರಡುತ್ತಾ ಹೋದರೆ ಅದು ಉಷ್ಣದ ಮಾತಲ್ಲ. ಅದರ ಹಿಂದೆ ಇರಬಹುದಾದ ಒಂದು ಕಾಯಿಲೆಯ ಹೆಸರು ಪೆಂಫಿಗಸ್ ವಲ್ಗ್ಯಾರಿಸ್.

ಇದು ಅಪರೂಪದ ಕಾಯಿಲೆ. ಪಕ್ಕದ ಕೇರಳದ ತ್ರಿಶೂರು ಜಿಲ್ಲೆಯಲ್ಲಿ ಲೆಕ್ಕ ಹಾಕಿದಾಗ 10 ಲಕ್ಷ ಜನರಲ್ಲಿ ವರ್ಷಕ್ಕೆ ನಾಲ್ಕೈದು ಮಂದಿಗೆ ಹೊಸದಾಗಿ ಪೆಂಫಿಗಸ್ ಕಾಣಿಸಿಕೊಂಡಿತ್ತು. ಒಬ್ಬ ಸಾಮಾನ್ಯ ವೈದ್ಯರು ತಮ್ಮ ಇಡೀ ವೃತ್ತಿಯಲ್ಲಿ ಇಂಥ ಕೆಲವೇ ರೋಗಿಗಳನ್ನು ನೋಡಿರುತ್ತಾರೆ. ಹಾಗಾಗಿ ಕಾಯಿಲೆಯ ಹೆಸರು ಗೊತ್ತಾಗುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ರೋಗಿ ಹಲ್ಲಿನ ಡಾಕ್ಟರ ಹತ್ತಿರ, ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ, ನಾಟಿ ಔಷಧಿ ಕೊಡುವವರ ಹತ್ತಿರ ಹೋಗಿ ಬಂದಿರುತ್ತಾರೆ. ಊಟ ಸೇರದೆ ಸೊರಗಿರುತ್ತಾರೆ. ಈ ಅಲೆದಾಟ ಕಡಿಮೆಯಾದರೆ ಅರ್ಧ ಗೆದ್ದ ಹಾಗೆ ಅಂತ ನಾನು ನಂಬಿದ್ದೇನೆ. ಯಾಕೆಂದರೆ ಇವತ್ತು ಪೆಂಫಿಗಸ್‌ಗೆ ಒಳ್ಳೆಯ ಚಿಕಿತ್ಸೆ ಇದೆ. ತಡವಾಗುತ್ತಿರುವುದು ಕಾಯಿಲೆ ಪತ್ತೆ ಹಚ್ಚುವುದರಲ್ಲಿ.

ಚರ್ಮದ ಒಳಗೆ ನಡೆಯುವುದೇನು

ನಮ್ಮ ಚರ್ಮದ ಮೇಲ್ಪದರದಲ್ಲಿ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಈ ಅಂಟು ಬರೀ ಗೋಂದಲ್ಲ. ರವಿಕೆಗೆ ಹಾಕುವ ಟಿಚ್ ಬಟನ್ ಹಾಗೆ, ಈ ಕೋಶದ ಕಡೆಯಿಂದ ಅರ್ಧ, ಆ ಕೋಶದ ಕಡೆಯಿಂದ ಅರ್ಧ ಸೇರಿ ಕಚ್ಚಿಕೊಂಡಿರುತ್ತದೆ. ಇವಕ್ಕೆ ಡೆಸ್ಮೋಸೋಮ್ ಎಂದು ಹೆಸರು. ಇವುಗಳಲ್ಲಿ ಇರುವ ಮುಖ್ಯ ಪ್ರೋಟೀನು ಡೆಸ್ಮೋಗ್ಲೀನ್. ಅದರಲ್ಲಿ ನಮಗೆ ಇಲ್ಲಿ ಬೇಕಾದದ್ದು ಎರಡು ಬಗೆ: ಡೆಸ್ಮೋಗ್ಲೀನ್ 1 ಮತ್ತು ಡೆಸ್ಮೋಗ್ಲೀನ್ 3.

ರೋಗಾಣುಗಳ ಮೇಲೆ ಹೋರಾಡಲು ನಮ್ಮ ರಕ್ತದಲ್ಲಿ ಆಂಟಿಬಾಡಿಗಳು ಇರುತ್ತವೆ, ಅಲ್ವಾ? ಪೆಂಫಿಗಸ್ ಬಂದವರಲ್ಲಿ ಈ ಆಂಟಿಬಾಡಿಗಳಲ್ಲಿ ಕೆಲವು ದಾರಿ ತಪ್ಪಿ ಸ್ವಂತ ಡೆಸ್ಮೋಗ್ಲೀನನ್ನೇ ಶತ್ರು ಎಂದು ತಿಳಿದು ಅಂಟಿಕೊಳ್ಳುತ್ತವೆ. ಕೋಶಗಳ ನಡುವಿನ ಹಿಡಿತ ಬಿಟ್ಟುಹೋಗುತ್ತದೆ. ಆ ಸಂದಿಯಲ್ಲಿ ನೀರು ತುಂಬಿ ಗುಳ್ಳೆ ಏಳುತ್ತದೆ.

ಮೊದಲು ಬಾಯಿಯೇ ಯಾಕೆ? ಬಾಯಿಯ ಒಳಪೊರೆಯ ಗಟ್ಟಿತನ ಹೆಚ್ಚಾಗಿ ಡೆಸ್ಮೋಗ್ಲೀನ್ 3 ರ ಮೇಲೆ ನಿಂತಿದೆ. ಚರ್ಮದಲ್ಲಾದರೆ 3 ಕೈಕೊಟ್ಟರೂ 1 ಹಿಡಿದುಕೊಳ್ಳುತ್ತದೆ. ಆಂಟಿಬಾಡಿ 3 ರ ವಿರುದ್ಧ ಮಾತ್ರ ಇದ್ದಾಗ ಹುಣ್ಣು ಬಾಯಲ್ಲೇ ನಿಲ್ಲುತ್ತದೆ. ಕೆಲವು ತಿಂಗಳಾದ ಮೇಲೆ 1 ರ ವಿರುದ್ಧವೂ ಆಂಟಿಬಾಡಿ ಹುಟ್ಟಿಕೊಂಡರೆ ಎದೆ, ಬೆನ್ನು, ತಲೆ, ಕಂಕುಳಲ್ಲಿ ಗುಳ್ಳೆ ಶುರುವಾಗುತ್ತದೆ. ಬರೀ 1 ರ ವಿರುದ್ಧ ಇದ್ದರೆ ಬಾಯಿ ಚೆನ್ನಾಗಿಯೇ ಇರುತ್ತದೆ, ಚರ್ಮದ ತೀರಾ ಮೇಲಿನ ಪದರ ಹಪ್ಪಳೆ ಹಪ್ಪಳೆಯಾಗಿ ಏಳುತ್ತದೆ. ಅದು ಪೆಂಫಿಗಸ್ ಫೋಲಿಯೇಸಿಯಸ್ ಎಂಬ ಇನ್ನೊಂದು ಬಗೆ. ರೋಗಿಯ ಬಾಯಿ, ಮೈ ನೋಡಿದರೇ ರಕ್ತದಲ್ಲಿ ಯಾವ ಆಂಟಿಬಾಡಿ ಇದೆ ಎಂದು ಹೆಚ್ಚುಕಡಿಮೆ ಊಹಿಸಬಹುದು. ವೈದ್ಯಕೀಯದಲ್ಲಿ ಇಷ್ಟು ಚೊಕ್ಕವಾಗಿ ಕಾರಣವೂ ಲಕ್ಷಣವೂ ಹೊಂದುವ ಕಾಯಿಲೆಗಳು ಜಾಸ್ತಿ ಇಲ್ಲ.

ಆಂಟಿಬಾಡಿ ಯಾಕೆ ದಾರಿ ತಪ್ಪುತ್ತದೆ? ಕೆಲವು ಜೀನ್ ಬಗೆಗಳು ಇದ್ದವರಲ್ಲಿ ಸಾಧ್ಯತೆ ಹೆಚ್ಚು. ಪೆನಿಸಿಲಮೈನ್‌ನಂಥ ಕೆಲವು ಔಷಧಿಗಳಿಂದಲೂ ಶುರುವಾಗಬಹುದು. ಬ್ರೆಜಿಲಿನ ಹಳ್ಳಿಗಾಡಿನಲ್ಲಿ ಪೆಂಫಿಗಸ್ ಫೋಲಿಯೇಸಿಯಸ್ ಒಂದೇ ಊರಿನ, ಒಂದೇ ಮನೆಯ ಹಲವರಿಗೆ ಬರುವುದುಂಟು. ಅಲ್ಲಿ ಕಚ್ಚುವ ನೊಣಗಳ ಜೊಲ್ಲಿನ ಪ್ರೋಟೀನಿಗೆ ಹುಟ್ಟಿದ ಆಂಟಿಬಾಡಿಗಳು ಡೆಸ್ಮೋಗ್ಲೀನ್ 1 ಕ್ಕೂ ಅಂಟಿಕೊಳ್ಳುತ್ತವೆ ಎಂದು ಸಂಶೋಧಕರು ತೋರಿಸಿದ್ದಾರೆ. ಆದರೂ ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನಮ್ಮಲ್ಲಿ ಬರುವ ಪೆಂಫಿಗಸ್ ಕೂಡ ಅಂಟುರೋಗ ಅಲ್ಲವೇ ಅಲ್ಲ. ರೋಗಿಯ ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಬೇಕಿಲ್ಲ. ಮಗುವನ್ನು ಎತ್ತಿಕೊಳ್ಳಬಹುದು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಮೈತುಂಬ ಗುಳ್ಳೆ ಎದ್ದವರನ್ನು ಮನೆಯವರೇ ದೂರ ಕೂರಿಸುವುದು ಇವತ್ತಿಗೂ ನಡೆಯುತ್ತದೆ. ಆ ನೋವು ಗುಳ್ಳೆಯ ನೋವಿಗಿಂತ ದೊಡ್ಡದು.

ಎಲ್ಲ ಗುಳ್ಳೆಯೂ ಒಂದೇ ಅಲ್ಲ

ಮೈಮೇಲೆ ನೀರುಗುಳ್ಳೆ ಕಂಡರೆ 'ಅಮ್ಮ ಬಂದಿದೆ' ಎಂದು ಬೇವಿನ ಸೊಪ್ಪು ಇಡುತ್ತಾರೆ. ಇಲ್ಲವೇ ಸರ್ಪಸುತ್ತು ಎಂದು ಕೆಮ್ಮಣ್ಣು ಹಚ್ಚುತ್ತಾರೆ. ಅಮ್ಮ, ಅಂದರೆ ಚಿಕನ್‌ಪಾಕ್ಸ್, ಜ್ವರದ ಜೊತೆ ಬಂದು ವಾರ ಹತ್ತು ದಿನದಲ್ಲಿ ಒಣಗುತ್ತದೆ. ಸರ್ಪಸುತ್ತು ದೇಹದ ಒಂದೇ ಪಕ್ಕದಲ್ಲಿ, ಪಟ್ಟಿಯಂತೆ, ಉರಿ ನೋವಿನ ಜೊತೆ ಏಳುತ್ತದೆ. ನಡುಗೆರೆ ದಾಟುವುದು ಅಪರೂಪ. ಪೆಂಫಿಗಸ್‌ಗೆ ಈ ಪಕ್ಕ ಆ ಪಕ್ಕ ಇಲ್ಲ, ವಾರ ಕಳೆದರೆ ಹೋಗುವುದೂ ಇಲ್ಲ. ಅದರ ಗುಳ್ಳೆ ಸಡಿಲ, ಮೆತ್ತಗೆ. ಮುಟ್ಟಿದರೆ, ಅಂಗಿ ತಾಕಿದರೆ ಒಡೆಯುತ್ತದೆ. ಅದಕ್ಕೇ ಎಷ್ಟೋ ರೋಗಿಗಳಲ್ಲಿ ಗುಳ್ಳೆ ಕಾಣುವುದೇ ಇಲ್ಲ, ಸಿಪ್ಪೆ ಸುಲಿದಂಥ ಹಸಿ ಗಾಯ ಮಾತ್ರ ಕಾಣುತ್ತದೆ. ಬಾಯಲ್ಲಂತೂ ಗುಳ್ಳೆ ಒಂದು ತುತ್ತಿನಷ್ಟು ಹೊತ್ತೂ ಉಳಿಯುವುದಿಲ್ಲ.

ಇದರ ಹತ್ತಿರದ ನೆಂಟ ಬುಲ್ಲಸ್ ಪೆಂಫಿಗಾಯ್ಡ್. ಹೆಸರು ಒಂದೇ ಥರ ಇದ್ದರೂ ಕಾಯಿಲೆ ಬೇರೆ. 1953 ರಲ್ಲಿ ವಾಲ್ಟರ್ ಲೀವರ್ ಎಂಬ ಚರ್ಮವೈದ್ಯರು ಎರಡನ್ನೂ ಬೇರೆ ಮಾಡಿ ತೋರಿಸುವವರೆಗೆ ಇವನ್ನು ಒಂದೇ ಎಂದು ತಿಳಿಯಲಾಗಿತ್ತು. ಪೆಂಫಿಗಾಯ್ಡ್ ಹೆಚ್ಚಾಗಿ 60 ದಾಟಿದವರಿಗೆ ಬರುತ್ತದೆ. ಮೊದಲು ವಿಪರೀತ ತುರಿಕೆ, ಆಮೇಲೆ ಬಿಗಿಯಾದ, ಬೇಗ ಒಡೆಯದ ದೊಡ್ಡ ಗುಳ್ಳೆಗಳು. ಬಾಯಿಗೆ ಬರುವುದು ಕಡಿಮೆ. ಸಕ್ಕರೆ ಕಾಯಿಲೆಗೆ ಕೊಡುವ ವಿಲ್ಡಾಗ್ಲಿಪ್ಟಿನ್‌ನಂಥ ಗ್ಲಿಪ್ಟಿನ್ ಮಾತ್ರೆಗಳು ಕೆಲವರಲ್ಲಿ ಇದನ್ನು ಎಬ್ಬಿಸುತ್ತವೆ. ಆದ್ದರಿಂದ ವಯಸ್ಸಾದವರಿಗೆ ಕಾರಣವಿಲ್ಲದೆ ತುರಿಕೆ, ಗುಳ್ಳೆ ಶುರುವಾದರೆ ಸಕ್ಕರೆ ಮಾತ್ರೆಯ ಚೀಟಿಯನ್ನೂ ಚರ್ಮದ ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಇನ್ನೊಂದು ಕಾಯಿಲೆಯಲ್ಲಿ ಕಾಯುವ ಪ್ರಶ್ನೆಯೇ ಇಲ್ಲ. ಫಿಟ್ಸ್ ಮಾತ್ರೆ, ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯೂರಿನಾಲ್, ಸಲ್ಫಾ ಮಾತ್ರೆ ಇಂಥವನ್ನು ಹೊಸದಾಗಿ ಶುರು ಮಾಡಿದ ಕೆಲವು ದಿನ ಅಥವಾ ವಾರಗಳಲ್ಲಿ ಜ್ವರ, ಕಣ್ಣು ಕೆಂಪು, ತುಟಿ ಸುಲಿಯುವುದು, ಮೈ ಚರ್ಮ ಉರಿಯುತ್ತಾ ಕಪ್ಪಾಗಿ ಕಿತ್ತುಬರುವುದು ಕಂಡರೆ ಅದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಇರಬಹುದು. ಅದೇ ಗಂಟೆಗೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಪೆಂಫಿಗಸ್ ನಿಧಾನಕ್ಕೆ ಬೆಳೆಯುತ್ತದೆ, ಇದು ದಿನದಿಂದ ದಿನಕ್ಕೆ ಏರುತ್ತದೆ.

ಪತ್ತೆ ಮಾಡುವ ಬಗೆ

ಚರ್ಮದ ಡಾಕ್ಟರು ಮೊದಲು ಮಾಡುವುದು ಮೈಯೆಲ್ಲ ನೋಡುವುದು. ತಲೆಕೂದಲ ಒಳಗೆ, ಹೊಕ್ಕುಳು, ಗುಪ್ತಾಂಗ, ಮೂಗಿನ ಒಳಗೆ. ನಾಚಿಕೆಯಿಂದ ಮುಚ್ಚಿಡಬೇಡಿ. ಅಲ್ಲಿನ ಒಂದು ಗಾಯವೇ ಸುಳಿವಾಗಬಹುದು. ಆಮೇಲೆ ಗಾಯದ ಹತ್ತಿರದ ಚೆನ್ನಾಗಿ ಕಾಣುವ ಚರ್ಮವನ್ನು ಬೆರಳಿನಿಂದ ಒತ್ತಿ ಜಾರಿಸಿ ನೋಡುತ್ತಾರೆ. ಮೇಲ್ಪದರ ಕಳಚಿ ಬಂದರೆ ಕೋಶಗಳ ಹಿಡಿತ ಸಡಿಲವಾಗಿದೆ ಎಂದರ್ಥ. 19ನೇ ಶತಮಾನದ ಕೊನೆಯಲ್ಲಿ ಇದನ್ನು ಗುರುತಿಸಿದ ರಷ್ಯಾದ ವೈದ್ಯ ನಿಕೋಲ್ಸ್ಕಿಯ ಹೆಸರೇ ಈ ಪರೀಕ್ಷೆಗೆ ಇದೆ. ಮನೆಯಲ್ಲಿ ಮಾಡಿ ನೋಡಬೇಡಿ, ಹೊಸ ಗಾಯವಾಗುತ್ತದೆ.

ಹುಣ್ಣಿನ ತಳವನ್ನು ಮೆತ್ತಗೆ ಕೆರೆದು, ಗಾಜಿನ ಸ್ಲೈಡಿಗೆ ಹಚ್ಚಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಜ಼್ಯಾಂಕ್ ಸ್ಮಿಯರ್. ಫ್ರಾನ್ಸಿನ ಅರ್ನೋ ಜ಼್ಯಾಂಕ್ 1947 ರಲ್ಲಿ ಬಳಕೆಗೆ ತಂದದ್ದು. ಬಿಡಿಬಿಡಿಯಾಗಿ, ದುಂಡಗೆ, ದೊಡ್ಡ ನ್ಯೂಕ್ಲಿಯಸ್ ಇರುವ ಕೋಶಗಳು ಕಂಡರೆ ಪೆಂಫಿಗಸ್ ಕಡೆಗೆ ಬೆರಳು. ಹಲವು ನ್ಯೂಕ್ಲಿಯಸ್ ಇರುವ ದೈತ್ಯ ಕೋಶ ಕಂಡರೆ ಹರ್ಪಿಸ್ ಎಂಬ ವೈರಸ್ ಸೋಂಕಿನ ಕಡೆಗೆ. ಖರ್ಚು ಕಡಿಮೆ, ಅದೇ ದಿನ ಫಲಿತಾಂಶ. ದೊಡ್ಡ ಲ್ಯಾಬ್ ಇಲ್ಲದ ಕಡೆ ಇದು ತುಂಬ ಉಪಕಾರಿ. ಆದರೆ ಇದೊಂದರ ಮೇಲೆ ವರ್ಷಗಟ್ಟಲೆ ಚಿಕಿತ್ಸೆ ಶುರು ಮಾಡುವಂತಿಲ್ಲ.

ಖಚಿತವಾಗುವುದು ಬಯಾಪ್ಸಿಯಿಂದ. ಬಯಾಪ್ಸಿ ಅಂದ ಕೂಡಲೇ ಕ್ಯಾನ್ಸರ್ ನೆನಪಾಗಿ ಹೆದರುವವರು ಬಹಳ. ಇಲ್ಲಿ ಮಾಡುವುದು ಸಣ್ಣ ಕೆಲಸ. ಜಾಗ ಮರಗಟ್ಟಿಸಿ ಮೂರು ನಾಲ್ಕು ಮಿಲಿಮೀಟರ್ ಅಗಲದ ತುಣುಕು ತೆಗೆದು, ಒಂದು ಹೊಲಿಗೆ ಹಾಕಿ ಮನೆಗೆ ಕಳಿಸುತ್ತಾರೆ. ಪೆಂಫಿಗಸ್ ಅನುಮಾನ ಇದ್ದರೆ ಒಂದಲ್ಲ, ಎರಡು ತುಣುಕು ಬೇಕು. ರೋಗಿಗೂ ಇದು ಗೊತ್ತಿರುವುದು ಒಳ್ಳೆಯದು.

ಮೊದಲನೆಯದು ಹೊಸ ಗುಳ್ಳೆಯ ಅಂಚಿನಿಂದ. ಆದಷ್ಟೂ ಹಿಂದಿನ ದಿನವಷ್ಟೇ ಎದ್ದ ಗುಳ್ಳೆ. ಹಳೆಯ ಗುಳ್ಳೆಯಾದರೆ ಅಡಿಯಿಂದ ಹೊಸ ಚರ್ಮ ಬೆಳೆದು ಬಿರುಕು ಯಾವ ಪದರದಲ್ಲಿ ಆಯಿತೆಂದು ತಿಳಿಯುವುದಿಲ್ಲ. ಈ ತುಣುಕು ಫಾರ್ಮಲಿನ್‌ಗೆ, ಅಂದರೆ ಅದು ಕೆಡದಂತೆ ಇಡುವ ದ್ರಾವಣಕ್ಕೆ ಹೋಗುತ್ತದೆ. ಪೆಂಫಿಗಸ್ ವಲ್ಗ್ಯಾರಿಸ್‌ನಲ್ಲಿ ಬಿರುಕು ಮೇಲ್ಪದರದ ಒಳಗೇ, ತೀರಾ ಕೆಳಗಿನ ಸಾಲಿನ ಕೋಶಗಳ ಸ್ವಲ್ಪ ಮೇಲೆ ಇರುತ್ತದೆ. ಪೆಂಫಿಗಾಯ್ಡ್‌ನಲ್ಲಿ ಇಡೀ ಮೇಲ್ಪದರವೇ ಅಡಿಯಿಂದ ಎದ್ದಿರುತ್ತದೆ. ಅದಕ್ಕೇ ಅದರ ಗುಳ್ಳೆಯ ಹೊದಿಕೆ ದಪ್ಪ, ಬೇಗ ಒಡೆಯುವುದಿಲ್ಲ.

ಎರಡನೆಯದು ಗಾಯದ ಪಕ್ಕದ ಚೆನ್ನಾಗಿರುವ ಚರ್ಮದಿಂದ. ಇದನ್ನು ಡೈರೆಕ್ಟ್ ಇಮ್ಯುನೋಫ್ಲೋರೆಸೆನ್ಸ್ ಎಂಬ ಪರೀಕ್ಷೆಗೆ ಕಳಿಸುತ್ತಾರೆ, ಆಸ್ಪತ್ರೆಯ ಮಾತಲ್ಲಿ ಡಿಐಎಫ್. ಹೊಳೆಯುವ ಬಣ್ಣ ಕಟ್ಟಿದ ರಾಸಾಯನಿಕ ಹಾಕಿದಾಗ ಆಂಟಿಬಾಡಿ ಎಲ್ಲೆಲ್ಲಿ ಅಂಟಿದೆಯೋ ಅಲ್ಲೆಲ್ಲ ಹಸಿರಾಗಿ ಹೊಳೆಯುತ್ತದೆ. ಪೆಂಫಿಗಸ್ ಇದ್ದರೆ ಪ್ರತಿ ಕೋಶದ ಸುತ್ತಲೂ ಗೆರೆ ಕಂಡು ಇಡೀ ಪದರ ಬಲೆಯ ಹಾಗೆ ಕಾಣುತ್ತದೆ. ಪೆಂಫಿಗಾಯ್ಡ್ ಇದ್ದರೆ ಮೇಲ್ಪದರದ ಬುಡದಲ್ಲಿ ಒಂದೇ ಉದ್ದನೆಯ ಗೆರೆ. ಈ ಎರಡನೇ ತುಣುಕನ್ನು ಅಪ್ಪಿತಪ್ಪಿಯೂ ಫಾರ್ಮಲಿನ್‌ನಲ್ಲಿ ಹಾಕಬಾರದು, ಪರೀಕ್ಷೆ ಕೆಟ್ಟುಹೋಗುತ್ತದೆ. ಮಿಷೆಲ್ ದ್ರಾವಣ ಎಂಬುದರಲ್ಲಿ ಕಳಿಸುತ್ತಾರೆ. ಅದು ಸಿಗದಿದ್ದರೆ ಸಾಮಾನ್ಯ ಸಲೈನ್‌ನಲ್ಲೇ ಇಟ್ಟು ಒಂದು ದಿನದೊಳಗೆ ಲ್ಯಾಬ್ ಮುಟ್ಟಿಸಬಹುದು. ಡಿಐಎಫ್ ಎಲ್ಲ ಊರಿನಲ್ಲೂ ಇಲ್ಲ. ದೊಡ್ಡ ಮೆಡಿಕಲ್ ಕಾಲೇಜುಗಳಲ್ಲಿ, ದೊಡ್ಡ ಲ್ಯಾಬ್‌ಗಳಲ್ಲಿ ಇದೆ. ಹಾಗಾಗಿ ತುಣುಕು ತೆಗೆಯುವ ಮೊದಲೇ ಅದು ಎಲ್ಲಿಗೆ, ಯಾವುದರಲ್ಲಿ ಹೋಗುತ್ತದೆ ಎಂದು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ಇವಲ್ಲದೆ ರಕ್ತದಲ್ಲಿ ಡೆಸ್ಮೋಗ್ಲೀನ್ 1, 3 ರ ವಿರುದ್ಧದ ಆಂಟಿಬಾಡಿ ಎಷ್ಟಿದೆ ಎಂದು ಎಲೈಸಾ ಪರೀಕ್ಷೆ ಹೇಳುತ್ತದೆ. ಪೆಂಫಿಗಸ್‌ನಲ್ಲಿ ಇಂಥ ಆಂಟಿಬಾಡಿ ಇದೆ ಎಂದು ಮೊದಲು ಕಂಡುಹಿಡಿದದ್ದು 1964 ರಲ್ಲಿ, ಅಮೆರಿಕದ ಬ್ಯೂಟ್ನರ್ ಮತ್ತು ಜೋರ್ಡನ್. ಚಿಕಿತ್ಸೆ ಕೆಲಸ ಮಾಡಿದಂತೆ ಈ ಸಂಖ್ಯೆ ಸಾಮಾನ್ಯವಾಗಿ ಇಳಿಯುತ್ತದೆ. ಮಾತ್ರೆ ಕಡಿಮೆ ಮಾಡುವಾಗ ಡಾಕ್ಟರಿಗೆ ಇದೊಂದು ಆಸರೆ.

ಚಿಕಿತ್ಸೆ: ಸ್ಟಿರಾಯ್ಡ್, ಪಲ್ಸ್, ರಿಟುಕ್ಸಿಮಾಬ್

1950 ರ ದಶಕದಲ್ಲಿ ಸ್ಟಿರಾಯ್ಡ್ ಬಳಕೆಗೆ ಬರುವ ಮೊದಲು ಪೆಂಫಿಗಸ್ ಬಂದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ಸುಟ್ಟ ಗಾಯದವರಂತೆ ಮೈಯಿಂದ ನೀರು, ಪ್ರೋಟೀನು ಸೋರಿಹೋಗುತ್ತಿತ್ತು, ಗಾಯಕ್ಕೆ ಸೋಂಕು ಹತ್ತಿ ರಕ್ತಕ್ಕೆ ಏರುತ್ತಿತ್ತು. ಸ್ಟಿರಾಯ್ಡ್ ಬಂದ ಮೇಲೆ ಚಿತ್ರವೇ ಬದಲಾಯಿತು. ಅದಕ್ಕೇ 'ಸ್ಟಿರಾಯ್ಡ್ ಬೇಡವೇ ಬೇಡ' ಎಂದು ಹಟ ಹಿಡಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ: ಈ ಕಾಯಿಲೆಯಲ್ಲಿ ಜೀವ ಉಳಿಸಿದ ಔಷಧಿ ಅದು.

ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಯನ್ನು ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಅರ್ಧದಿಂದ ಒಂದು ಮಿಲಿಗ್ರಾಂ ಲೆಕ್ಕದಲ್ಲಿ ಶುರು ಮಾಡುತ್ತಾರೆ, ಕಾಯಿಲೆ ಜೋರಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಹೊಸ ಗುಳ್ಳೆ ನಿಂತ ಮೇಲೆ ನಿಧಾನಕ್ಕೆ ಇಳಿಸುತ್ತಾರೆ. ಬಹಳ ದಿನ ತಿಂದರೆ ಸಕ್ಕರೆ, ಬಿಪಿ ಏರುತ್ತದೆ, ಮುಖ ಊದುತ್ತದೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಆದ್ದರಿಂದ ಜೊತೆಗೆ ಅಜಥಯೋಪ್ರಿನ್ ಅಥವಾ ಮೈಕೊಫಿನೊಲೇಟ್ ಕೊಟ್ಟು ಸ್ಟಿರಾಯ್ಡ್ ಪ್ರಮಾಣ ಇಳಿಸುವ ಪದ್ಧತಿ ಇದೆ. ಅಜಥಯೋಪ್ರಿನ್ ಶುರು ಮಾಡಿದ ಮೊದಲ ವಾರಗಳಲ್ಲಿ ಕೂದಲು ಗೊಂಚಲು ಗೊಂಚಲಾಗಿ ಉದುರಿದರೆ, ಜ್ವರ ಬಂದರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು. ಎನ್‌ಯುಡಿಟಿ15 ಎಂಬ ಜೀನಿನಲ್ಲಿ ವ್ಯತ್ಯಾಸ ಇರುವವರಲ್ಲಿ ಈ ಮಾತ್ರೆಯಿಂದ ಬಿಳಿ ರಕ್ತಕಣ ದಿಢೀರ್ ಕುಸಿಯುತ್ತದೆ. ಯುರೋಪಿನವರಿಗಿಂತ ಭಾರತವೂ ಸೇರಿ ಏಷ್ಯಾದವರಲ್ಲಿ ಈ ವ್ಯತ್ಯಾಸ ಹೆಚ್ಚು.

ನಮ್ಮ ದೇಶದಲ್ಲೇ ಹುಟ್ಟಿದ ಒಂದು ಚಿಕಿತ್ಸೆಯ ಬಗ್ಗೆ ಹೇಳಲೇಬೇಕು. ದೆಹಲಿಯ ಏಮ್ಸ್‌ನಲ್ಲಿ ಜೆ. ಎಸ್. ಪಸ್ರೀಚಾ ಮತ್ತು ರಾಮ್‌ಜಿ ಗುಪ್ತಾ 1980 ರ ದಶಕದ ಆರಂಭದಲ್ಲಿ ಡಿಸಿಪಿ ಪಲ್ಸ್ ಎಂಬ ವಿಧಾನ ರೂಪಿಸಿದರು. ತಿಂಗಳಿಗೊಮ್ಮೆ ಮೂರು ದಿನ ಆಸ್ಪತ್ರೆಗೆ ಬಂದು 100 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಅನ್ನು ಗ್ಲೂಕೋಸ್ ಡ್ರಿಪ್‌ನಲ್ಲಿ ಹಾಕಿಸಿಕೊಳ್ಳುವುದು. ಅದರಲ್ಲಿ ಒಂದು ದಿನ 500 ಮಿಲಿಗ್ರಾಂ ಸೈಕ್ಲೋಫಾಸ್ಫಮೈಡ್ ಕೂಡ. ಉಳಿದ ದಿನಗಳಲ್ಲಿ ಮನೆಯಲ್ಲಿ 50 ಮಿಲಿಗ್ರಾಂ ಸೈಕ್ಲೋಫಾಸ್ಫಮೈಡ್ ಮಾತ್ರೆ. ದಿನಾ ಸ್ಟಿರಾಯ್ಡ್ ತಿನ್ನುವುದರಿಂದ ಆಗುವ ತೊಂದರೆ ಇದರಲ್ಲಿ ಕಡಿಮೆ. ಖರ್ಚೂ ಕಡಿಮೆ. ಸರ್ಕಾರಿ ಆಸ್ಪತ್ರೆಗಳ ಚರ್ಮದ ವಾರ್ಡುಗಳಲ್ಲಿ ದಶಕಗಳ ಕಾಲ ಬಡ ರೋಗಿಗಳನ್ನು ಕಾಪಾಡಿದ್ದು ಇದೇ. ಇದರ ದೊಡ್ಡ ಕೊರತೆ ಎಂದರೆ ಸೈಕ್ಲೋಫಾಸ್ಫಮೈಡ್ ಮಕ್ಕಳಾಗುವ ಶಕ್ತಿಯನ್ನು ಕುಂದಿಸಬಹುದು. ಮದುವೆಯಾಗದ, ಇನ್ನೂ ಮಕ್ಕಳು ಬೇಕೆನ್ನುವ ರೋಗಿಗಳು ಇದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು. ನಮ್ಮಲ್ಲಿ ಪೆಂಫಿಗಸ್ ಪಶ್ಚಿಮ ದೇಶಗಳಿಗಿಂತ ಚಿಕ್ಕ ವಯಸ್ಸಿಗೆ ಬರುವುದರಿಂದ ಈ ಮಾತಿಗೆ ತೂಕ ಜಾಸ್ತಿ.

ಈಗ ಮುಂಚೂಣಿಗೆ ಬಂದಿರುವುದು ರಿಟುಕ್ಸಿಮಾಬ್ ಇಂಜೆಕ್ಷನ್. ಮೊದಲು ಇದು ಲಿಂಫೋಮಾ ಎಂಬ ಕ್ಯಾನ್ಸರಿಗೆ ಬಂದ ಔಷಧಿ. ಆಂಟಿಬಾಡಿ ತಯಾರಿಸುವ ಕೆಲಸಕ್ಕೆ ನಿಲ್ಲುವ ಬಿ ಕೋಶಗಳನ್ನು ಇದು ಅಳಿಸುತ್ತದೆ, ಅಂದರೆ ದಾರಿ ತಪ್ಪಿದ ಆಂಟಿಬಾಡಿಯ ಮೂಲಕ್ಕೇ ಕೈ ಹಾಕುತ್ತದೆ. ಫ್ರಾನ್ಸಿನಲ್ಲಿ 90 ಹೊಸ ರೋಗಿಗಳ ಮೇಲೆ ನಡೆದು 2017 ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಿಟುಕ್ಸಿಮಾಬ್ ಜೊತೆ ಸ್ವಲ್ಪ ಕಾಲ ಸ್ಟಿರಾಯ್ಡ್ ಪಡೆದವರಲ್ಲಿ 89% ಮಂದಿ ಎರಡು ವರ್ಷದ ಹೊತ್ತಿಗೆ ಯಾವ ಮಾತ್ರೆಯೂ ಇಲ್ಲದೆ ಚೆನ್ನಾಗಿದ್ದರು. ಬರೀ ಸ್ಟಿರಾಯ್ಡ್ ಪಡೆದವರಲ್ಲಿ 34% ಮಾತ್ರ. ಮರುವರ್ಷ ಅಮೆರಿಕ ಇದನ್ನು ಪೆಂಫಿಗಸ್‌ಗೆ ಒಪ್ಪಿತು. ಸಾಮಾನ್ಯವಾಗಿ ಒಂದು ಗ್ರಾಂನಂತೆ ಎರಡು ಡ್ರಿಪ್, ನಡುವೆ ಎರಡು ವಾರ. ಭಾರತದ ಕಂಪನಿಗಳೇ ಇದನ್ನು ತಯಾರಿಸುವುದರಿಂದ ಬೆಲೆ ಮೊದಲಿಗಿಂತ ಇಳಿದಿದೆ. ಆದರೂ ಬಡವರಿಗೆ ಭಾರವೇ. ಈ ಇಂಜೆಕ್ಷನ್ ಸಾಧ್ಯವಾದಷ್ಟು ಬೇಗ ಸಿಕ್ಕಿದರೆ ರೋಗಿಯ ಮುಂದಿನ ವರ್ಷಗಳೇ ಬೇರೆಯಾಗುತ್ತವೆ. ಸರ್ಕಾರಿ ಆಸ್ಪತ್ರೆಯ ಪ್ರತಿ ಪೆಂಫಿಗಸ್ ರೋಗಿಗೂ ಇದು ಸಿಗುವಂತಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇವೆಲ್ಲ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳು. ಶುರು ಮಾಡುವ ಮೊದಲು ಟಿಬಿ, ಹೆಪಟೈಟಿಸ್ ಬಿ, ಎಚ್‌ಐವಿ ಪರೀಕ್ಷೆ ಆಗಲೇಬೇಕು. ಮಲಗಿದ್ದ ಹೆಪಟೈಟಿಸ್ ಬಿ ರಿಟುಕ್ಸಿಮಾಬ್ ನಂತರ ಎದ್ದು ಲಿವರನ್ನೇ ಕೆಡಿಸಬಹುದು. ಬರಿಗಾಲಲ್ಲಿ ಹೊಲ ಗದ್ದೆ ಓಡಾಡುವವರ ಹೊಟ್ಟೆಯಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಸುಮ್ನೆ ಇರಬಹುದು. ಸ್ಟಿರಾಯ್ಡ್ ಕೊಟ್ಟಾಗ ಅದು ಮೈಯೆಲ್ಲ ಹರಡಿ ಅಪಾಯ ತರುತ್ತದೆ. ಅದಕ್ಕೇ ಅನೇಕ ಡಾಕ್ಟರು ಮೊದಲೇ ಹುಳದ ಮಾತ್ರೆ ಕೊಡುತ್ತಾರೆ. ಯಾವ ಲಸಿಕೆ ಬೇಕಿದ್ದರೂ ಚಿಕಿತ್ಸೆಗೆ ಮೊದಲೇ ಕೇಳಿ.

ಮನೆಯಲ್ಲಿ, ವಾರ್ಡಿನಲ್ಲಿ

ಮೈತುಂಬ ಹಸಿ ಗಾಯ ಇರುವವರಿಗೆ ಬಟ್ಟೆಯ ಹಾಸಿಗೆಯೇ ಶಿಕ್ಷೆ. ಅಂಟಿಕೊಂಡು, ಎಳೆದಾಗ ಚರ್ಮವೇ ಬರುತ್ತದೆ. ದಕ್ಷಿಣ ಭಾರತದ ಆಸ್ಪತ್ರೆಗಳಲ್ಲಿ ಇದಕ್ಕೆ ಬಾಳೆಎಲೆ ಹಾಸುವ ಪದ್ಧತಿ ಇದೆ. ಎಲೆಯ ಮೇಲ್ಮೈ ಮೇಣದಂತೆ ನುಣುಪು, ಗಾಯಕ್ಕೆ ಅಂಟುವುದಿಲ್ಲ, ತಂಪಾಗಿಯೂ ಇರುತ್ತದೆ, ದಿನಾ ಬದಲಾಯಿಸಬಹುದು. ದುಬಾರಿ ಡ್ರೆಸಿಂಗ್ ಇಲ್ಲದ ಕಡೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ. ಎಲೆ ಶುಚಿಯಾಗಿರಬೇಕು, ಅಷ್ಟೆ. ನೀರೂರುವ ಗಾಯಕ್ಕೆ ತಿಳಿ ಗುಲಾಬಿ ಬಣ್ಣ ಬರುವಷ್ಟೇ ಪೊಟ್ಯಾಸಿಯಂ ಪರ್ಮಾಂಗನೇಟ್ ಕರಗಿಸಿದ ನೀರಿನ ಒದ್ದೆ ಬಟ್ಟೆ ಇಡಲು ಹೇಳುತ್ತಾರೆ. ಬಣ್ಣ ಗಾಢವಾದರೆ ಚರ್ಮ ಸುಡುತ್ತದೆ. ಅರಿಶಿನ, ಸುಣ್ಣ, ಬೂದಿ ಯಾವುದೂ ಬೇಡ.

ಬಾಯಿ ಗಾಯಕ್ಕೆ ಖಾರ, ಹುಳಿ, ಚಕ್ಕುಲಿಯಂಥ ಗಟ್ಟಿ ತಿಂಡಿ ಬಿಡಬೇಕು. ಎಲೆ ಅಡಿಕೆಯೂ ಬೇಡ. ಆರಿದ ರಾಗಿ ಅಂಬಲಿ, ಗಂಜಿ, ಮೆತ್ತಗೆ ಕಲಸಿದ ಮೊಸರನ್ನ, ಬೆಂದ ಬೇಳೆ, ಮೊಟ್ಟೆ ಹಿಡಿಸುತ್ತದೆ. ಪ್ರೋಟೀನು ಸೋರಿಹೋಗುವುದರಿಂದ ಬರೀ ಗಂಜಿಯ ಮೇಲೆ ಇರುವ ಪಥ್ಯ ಸರಿಯಲ್ಲ. ಹಲ್ಲು ಉಜ್ಜಲು ಮೆತ್ತನೆ ಬ್ರಷ್. ಸ್ಟಿರಾಯ್ಡ್ ನಡೆಯುತ್ತಿರುವಾಗ ನಾಲಿಗೆ ಮೇಲೆ ಮೊಸರಿನಂಥ ಬಿಳಿ ಪದರ ಕಂಡರೆ ಅದು ಶಿಲೀಂಧ್ರ, ಪೆಂಫಿಗಸ್ ಹೆಚ್ಚಾದದ್ದಲ್ಲ. ಅದಕ್ಕೆ ಬೇರೆ ಔಷಧಿ ಇದೆ.

ಗುಳ್ಳೆ ನಿಂತ ಕೂಡಲೇ ಮಾತ್ರೆ ಬಿಡುವವರು ಬಹಳ ಮಂದಿ. ತಿಂಗಳುಗಟ್ಟಲೆ ಸ್ಟಿರಾಯ್ಡ್ ತಿಂದ ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಾಂತಿ, ಬಿಪಿ ಕುಸಿತ ಆಗಿ ಜೀವಕ್ಕೇ ಅಪಾಯ. ಕಾಯಿಲೆಯೂ ಮರುಕಳಿಸುತ್ತದೆ. ಪೂರ್ತಿ ಮಾತ್ರೆ ನಿಂತು ವರ್ಷಗಳಾದ ಮೇಲೂ ಕೆಲವರಿಗೆ ಮರುಕಳಿಸುವುದುಂಟು. ಆಗಲೂ ಹೆಚ್ಚಾಗಿ ಮೊದಲು ಕಾಣುವುದು ಬಾಯಲ್ಲೇ. ಹೊಸ ಹುಣ್ಣು ಎದ್ದು ವಾರದಲ್ಲಿ ಹೋಗದಿದ್ದರೆ ಫೋಟೋ ತೆಗೆದಿಟ್ಟುಕೊಂಡು, ಹಳೆಯ ಬಯಾಪ್ಸಿ ವರದಿ, ಹಳೆಯ ಚೀಟಿ ಎಲ್ಲ ಹಿಡಿದು ಚರ್ಮದ ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲಿ ಉಳಿದ ಹಳೆಯ ಪ್ರೆಡ್ನಿಸೊಲೋನ್ ಮಾತ್ರೆಯನ್ನು ನೀವೇ ಶುರು ಮಾಡಬೇಡಿ. ಎಲೈಸಾ ಮಾಡಿ ನೋಡಿದರೆ ಆಂಟಿಬಾಡಿ ಮತ್ತೆ ಏರಿದೆಯೇ ಇಲ್ಲವೇ ತಿಳಿಯುತ್ತದೆ. ಬೇಗ ಹಿಡಿದರೆ ಸಣ್ಣ ಪ್ರಮಾಣದ ಔಷಧಿಯಲ್ಲೇ ಹತೋಟಿಗೆ ತರುವ ಅವಕಾಶ ಹೆಚ್ಚು.